ದಣಿದ ಸ್ನಾಯುವಿಗೆ ಬಿಡುವು

ಪ್ರಶ್ನೆ: ಆರು ತಿಂಗಳಿಂದ ವಾರದ ಏಳೂ ದಿನ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ. ಈಚೆಗೆ ಎತ್ತುವ ತೂಕ ಹೆಚ್ಚುತ್ತಿಲ್ಲ, ಭುಜದ ನೋವೂ ಹೋಗುತ್ತಿಲ್ಲ. ಸ್ಟ್ರೆಚಿಂಗ್ ಮೊದಲು ಮಾಡಬೇಕೋ, ಕೊನೆಗೋ?

ಉತ್ತರ: ನಿಮ್ಮ ಶ್ರದ್ಧೆ ಮೆಚ್ಚುವಂಥದ್ದು, ಆದರೆ ಬಿಡುವೇ ಇಲ್ಲದ ದುಡಿಮೆ ಅದರ ಫಲವನ್ನು ತಿಂದುಹಾಕುತ್ತಿದೆ. ಕಠಿಣ ವ್ಯಾಯಾಮದ ನಂತರದ 24ರಿಂದ 48 ಗಂಟೆಗಳಲ್ಲಿ ಸ್ನಾಯು ಹೊಸ ಪ್ರೋಟೀನನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಎದೆ, ಭುಜಗಳಿಗೆ ಒಂದು ದಿನ, ಬೆನ್ನಿಗೆ ಒಂದು ದಿನ, ಕಾಲಿಗೆ ಮತ್ತೊಂದು ದಿನ ಎಂದು ಹಂಚಿಕೊಂಡು, ವಾರಕ್ಕೆ ಎರಡು ದಿನವಾದರೂ ಭಾರ ಮುಟ್ಟದಿರಿ. ಸ್ಕ್ವಾಟ್‌ನಂಥ (ಭಾರ ಹೊತ್ತು ಕುಳಿತೇಳುವ) ವ್ಯಾಯಾಮದ ಸೆಟ್‌ಗಳ, ಅಂದರೆ ಬಿಡದೆ ಮಾಡುವ ಸುತ್ತುಗಳ ನಡುವೆ 2–3 ನಿಮಿಷ ಸುಧಾರಿಸಿಕೊಳ್ಳಿ. ರಾತ್ರಿ ಕನಿಷ್ಠ 7 ಗಂಟೆ ನಿದ್ರಿಸಿ.

ಒಂದೇ ಭಂಗಿಯಲ್ಲಿ ನಿಮಿಷಕ್ಕೂ ಹೆಚ್ಚು ಹೊತ್ತು ಸ್ನಾಯುವನ್ನು ಎಳೆದು ಹಿಡಿದು, ಕೂಡಲೇ ಭಾರ ಎತ್ತಿದರೆ ಅದರ ಬಲ ತಾತ್ಕಾಲಿಕವಾಗಿ ತಗ್ಗುತ್ತದೆ. ಹಾಗಾಗಿ ಆರಂಭದಲ್ಲಿ ತೋಳು ತಿರುಗಿಸಿ, ಕಾಲು ಬೀಸಿ, ತೂಕದ ಬಿಲ್ಲೆ ಹಾಕದ ಖಾಲಿ ಬಾರ್‌ನಲ್ಲಿ (ಸರಳಿನಲ್ಲಿ) ಒಂದೆರಡು ಸೆಟ್ ಮಾಡಿ ಮೈ ಬೆಚ್ಚಗಾಗಿಸಿಕೊಳ್ಳಿ. ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಕೊನೆಗಿರಲಿ: ಗೋಡೆಗೆ ಅಂಗೈ ಒತ್ತಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲ ಬಿಡದಂತೆ 30 ಸೆಕೆಂಡು ನಿಂತರೆ ಮೀನಖಂಡ ಹಿತವಾಗಿ ಎಳೆದಂತಾಗುತ್ತದೆ, ಚುಚ್ಚಿದಂತಾದರೆ ಅತಿಯಾಯಿತೆಂದೇ ಅರ್ಥ.

ನನಗೆ ಹೆಚ್ಚು ಚಿಂತೆಯಾಗಿರುವುದು ನಿಮ್ಮ ಭುಜದ ಬಗ್ಗೆ. ವೈದ್ಯರಿಗೆ ತೋರಿಸುವ ತನಕ ತಲೆಯ ಮೇಲೆ ಭಾರ ಎತ್ತುವುದನ್ನು ದಯವಿಟ್ಟು ನಿಲ್ಲಿಸಿ.