ಮಿಲಿಟರಿ ವಾಚು ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಮಣಿಕಟ್ಟಿನ ಸುತ್ತಳತೆ 16 ಸೆಂ.ಮೀ. ಆನ್‌ಲೈನ್‌ನಲ್ಲಿ ‘ಮಿಲಿಟರಿ ವಾಚು’ ಅಂತ ಹುಡುಕಿದರೆ ದಪ್ಪ ದಪ್ಪ, ಒಳಗೆ ಮೂರ್ನಾಲ್ಕು ಸಣ್ಣ ಡಯಲ್ ಇರುವ ವಾಚುಗಳೇ ಬರುತ್ತವೆ. ಸೈನ್ಯದ ವಾಚು ನಿಜವಾಗಿ ಹೀಗೇ ಇರುತ್ತದೆಯೇ? ದಿನಬಳಕೆಗೆ ಯಾವುದು ಕೊಳ್ಳಲಿ? (ಹಾವೇರಿಯ ಓದುಗರು)

ಉತ್ತರ: ಬಹುಮಟ್ಟಿಗೆ ಅದಕ್ಕೆ ತದ್ವಿರುದ್ಧ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟಿಷ್ ಸೇನೆ ತನಗೆ ಬೇಕಾದ ವಾಚಿನ ಲಕ್ಷಣಗಳನ್ನು ಬರೆದು ಸ್ವಿಸ್ ತಯಾರಕರಿಗೆ ಕೊಟ್ಟಿತು. ಕಪ್ಪು ಡಯಲ್, ಬಿಳಿ ಅಂಕಿ, ಕತ್ತಲಲ್ಲಿ ಹೊಳೆಯುವ ಮುಳ್ಳು, ಸುಲಭಕ್ಕೆ ಒಡೆಯದ ಗಾಜು, ನೀರು ಹೋಗದ ಕವಚ. ಒಮೆಗಾ, ಲಾಂಜಿನ್ಸ್, ಐಡಬ್ಲ್ಯುಸಿ, ವರ್ಟೆಕ್ಸ್ ಸೇರಿ 12 ಕಂಪನಿಗಳು ಮಾಡಿಕೊಟ್ಟವು. ಹೆಚ್ಚಿನವು ಸೇನೆಯ ಕೈ ಸೇರಿದ್ದು 1945ರಲ್ಲಿ. ಅವುಗಳ ಅಗಲ 35ರಿಂದ 38 ಮಿ.ಮೀ. ಅಷ್ಟೆ. ಅದೇ ಯುದ್ಧಕಾಲದ ಅಮೆರಿಕದ ಎ-11 ವಾಚು ಇನ್ನೂ ಚಿಕ್ಕದು. ಅದರ ಕೀ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ. ತಂಡದವರೆಲ್ಲ ಒಂದೇ ಸೆಕೆಂಡಿಗೆ ವಾಚು ಹೊಂದಿಸಿಕೊಳ್ಳಲಿ ಎಂದು ಹಾಗೆ. ಅಂಗೈಯಗಲದ ವಾಚು ಇರಲೇ ಇಲ್ಲ ಎಂದಲ್ಲ. ಜರ್ಮನ್ ವಾಯುಪಡೆಯದು 55 ಮಿ.ಮೀ. ಇತ್ತು, ಆದರೆ ಅದನ್ನು ಕಟ್ಟುತ್ತಿದ್ದುದು ದಪ್ಪ ಜಾಕೆಟ್ಟಿನ ತೋಳಿನ ಮೇಲೆ.

ಈ ವಾಚುಗಳು ಇಂದಿಗೂ ಹಿಡಿಸುವುದು ಇದೇ ಕಾರಣಕ್ಕೆ. ಒಂದೊಂದು ಗೆರೆಗೂ ಒಂದು ಕೆಲಸವಿದೆ. ಪರೀಕ್ಷಾ ಕೊಠಡಿಯ ಆ ತುದಿಯಲ್ಲಿ ನಿಂತು ಅರೆಕ್ಷಣ ನೋಡಿದರೂ ನಿಮಿಷ ತಿಳಿಯುತ್ತದೆ. ನಂತರ ಬಂದ ಕೆಲವು ಮಿಲಿಟರಿ ವಾಚುಗಳ ಒಳಸುತ್ತಿನಲ್ಲಿರುವ 13ರಿಂದ 24ರ ಅಂಕಿಗಳು ನಮ್ಮ ರೈಲ್ವೆ ವೇಳಾಪಟ್ಟಿಗೆ ಹೇಳಿ ಮಾಡಿಸಿದಂತಿವೆ. ಹಾಗಾಗಿ ಅಂಗಡಿಯಲ್ಲಿ ಯಾವ ವಾಚು ಹಿಡಿದರೂ ‘ಇದು ಯಾತಕ್ಕಿದೆ?’ ಅಂತ ಕೇಳಿ. ತಿರುಗದ ಬೆಜೆಲ್ (ಗಾಜಿನ ಸುತ್ತಲಿನ ಬಳೆ), ಒತ್ತಿದರೆ ಏನೂ ಆಗದ ಗುಂಡಿ, ಬರೀ ಚಿತ್ರವಾಗಿರುವ ಸಣ್ಣ ಡಯಲ್ ಕಂಡರೆ ವಾಪಸ್ ಇಡಿ.

16 ಸೆಂ.ಮೀ. ಕೈಗೆ 36ರಿಂದ 38 ಮಿ.ಮೀ. ಅಗಲ ಒಪ್ಪುತ್ತದೆ. ಅದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ: ಬೆಲ್ಟ್ ಸಿಕ್ಕಿಸುವ ಮೇಲಿನ ಕಿವಿಯ ತುದಿಯಿಂದ ಕೆಳಗಿನ ಕಿವಿಯ ತುದಿಯವರೆಗಿನ ಉದ್ದ. ಅದು 47–48 ಮಿ.ಮೀ. ದಾಟಬಾರದು, ದಾಟಿದರೆ ಕಿವಿಗಳು ಕೈಯ ಅಂಚಿನಾಚೆ ಚಾಚಿ, ಬಾಗಿಲಿಗೆ, ಬೆಂಚಿಗೆ ತಾಗುತ್ತವೆ. ಸಿಟಿಜನ್ ಇಕೋ-ಡ್ರೈವ್ ಬಿಎಂ8180 (37 ಮಿ.ಮೀ., ನೀರಿಗೆ 100 ಮೀಟರ್) ಬೆಳಕಿನಿಂದಲೇ ಚಾರ್ಜ್ ಆಗುತ್ತದೆ, ಸೆಲ್ ಬದಲಿಸುವ ಗೊಡವೆ ಇಲ್ಲ. ಹೆಚ್ಚು ಖರ್ಚು ಮಾಡಬಲ್ಲವರಿಗೆ ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್ (38 ಮಿ.ಮೀ.): ಪೂರ್ತಿ ಕೀ ಕೊಟ್ಟರೆ 80 ಗಂಟೆ ನಡೆಯುತ್ತದೆ, ಆದರೆ ನೀರಿಗೆ 50 ಮೀಟರ್ ಮಾತ್ರ. ನೋಟ ಹೇಗಿದ್ದರೂ ಪರವಾಗಿಲ್ಲ, ಗಟ್ಟಿ ಇದ್ದರೆ ಸಾಕು ಎಂದರೆ ಕ್ಯಾಸಿಯೊ ಜಿ-ಶಾಕ್‌ನ ಚೌಕಾಕಾರದ ಡಿಡಬ್ಲ್ಯು-5600. 200 ಮೀಟರ್ ತಡೆ ಇದೆ, ಬಿದ್ದರೂ ಕೆಡುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಎಚ್‌ಎಂಟಿ ಜವಾನ್ ಮತ್ತು ಪೈಲಟ್ ವಾಚುಗಳು ಹೊಳೆಹೊಳೆಯುವ ಹೊಸ ಡಯಲ್‌ನೊಂದಿಗೆ ಕಡಿಮೆ ಬೆಲೆಗೆ ಸಿಗುತ್ತಿವೆ. ಕೊಳ್ಳಬಹುದೇ? (ತುಮಕೂರಿನ ಓದುಗರು)

ಉತ್ತರ: ನಿಮ್ಮ ಊರಲ್ಲೇ ಎಚ್‌ಎಂಟಿ ಕಾರ್ಖಾನೆ ಇತ್ತು, ಆದ್ದರಿಂದ ಕಾರ್ಖಾನೆಯವರ ಮನೆಗಳಲ್ಲಿ ಅಸಲಿ ವಾಚು ಸಿಗುವ ಅವಕಾಶ ಆನ್‌ಲೈನ್‌ಗಿಂತ ನಿಮಗೇ ಹೆಚ್ಚು. ಮೊದಲು ಅಲ್ಲಿ ವಿಚಾರಿಸಿ.

ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಸಿಟಿಜನ್ ಸಹಯೋಗದೊಂದಿಗೆ ವಾಚು ತಯಾರಿಕೆ ಶುರು ಮಾಡಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಏರಿತು, ಜೊತೆಗೆ ಕಲಬೆರಕೆಯೂ ಬಂತು. ಒಂದರ ಕವಚ, ಇನ್ನೊಂದರ ಯಂತ್ರ, ಮತ್ತೊಂದರ ಮುಳ್ಳು ಸೇರಿಸಿ, ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು ‘ಬಳಸದ ಹಳೆ ಸ್ಟಾಕ್’ ಎಂದು ಮಾರುತ್ತಾರೆ. ಕಿತ್ತಳೆ, ಆಕಾಶನೀಲಿ ಡಯಲ್‌ನ ಪೈಲಟ್ ಕಂಡರೆ ಮರುಬಣ್ಣದ್ದೆಂದೇ ಎಣಿಸಿ.

ಪರೀಕ್ಷೆಗೆ 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಬೇಕು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಡಯಲ್ ಮೇಲಿನ ‘ಪ್ಯಾರಾ ಶಾಕ್’ (ಪೆಟ್ಟು ತಡೆಯುವ ವ್ಯವಸ್ಥೆಯ ಹೆಸರು) ಎಂಬ ಅಕ್ಷರಗಳ ಅಂಚು ನೋಡಿ. ಕಾರ್ಖಾನೆಯ ಮುದ್ರಣದಲ್ಲಿ ಅಂಚು ಚೂಪಾಗಿ, ಶಾಯಿ ಒಂದೇ ದಪ್ಪಕ್ಕೆ ಕೂತಿರುತ್ತದೆ. ಮರುಬಣ್ಣದಲ್ಲಿ ಅಂಚು ಒಡೆದು ಹರಡಿರುತ್ತದೆ, ಸಾಲು ಸ್ವಲ್ಪ ಸೊಟ್ಟ ಇರುತ್ತದೆ. ನಿಮಿಷದ ಗೆರೆಗಳು ಡಯಲ್‌ನ ಅಂಚಿಗೆ ಸುತ್ತಲೂ ಒಂದೇ ದೂರದಲ್ಲಿವೆಯೇ? 12ರ ಗೆರೆ ಕೀಗೆ ಸರಿಯಾಗಿ ಕಾಲು ಸುತ್ತು ದೂರದಲ್ಲಿದೆಯೇ? ಡಯಲ್ ಹಳದಿಗಟ್ಟಿದ್ದು, ಮುಳ್ಳಿನ ಹೊಳಪು ಬಣ್ಣ ಮಾತ್ರ ಹಾಲಿನಂತೆ ಬೆಳ್ಳಗಿದ್ದರೆ ಎರಡೂ ಒಂದೇ ವಯಸ್ಸಿನವಲ್ಲ.

ಆಮೇಲೆ ಹಿಂಬದಿ ಮುಚ್ಚಳ ತೆಗೆದ ಫೋಟೊ ಕೇಳಿ. ಕೊಡದವರಿಂದ ಕೊಳ್ಳಬೇಡಿ. ಯಂತ್ರದ ಮೇಲೆ ಎಚ್‌ಎಂಟಿ ಹೆಸರು, ಮಾದರಿ ಸಂಖ್ಯೆ ಇರಬೇಕು. ಪೈಲಟ್‌ನಲ್ಲಿ ಸಾಮಾನ್ಯವಾಗಿ 17 ಜ್ಯುವೆಲ್‌ನ (ಸವೆತ ತಡೆಯುವ ಸಣ್ಣ ಕಲ್ಲುಗಳು) 0231 ಯಂತ್ರ ಇರುತ್ತದೆ. ಸ್ಕ್ರೂ ತಲೆಯ ಸೀಳು ಹರಿದಿದ್ದರೆ ಅನೇಕ ಕೈ ದಾಟಿದೆ ಎಂದರ್ಥ. ಕೀ ಸಿಕ್ಕಿಸಿದ ಕಡ್ಡಿಯ ಸುತ್ತ ಕಂದು ತುಕ್ಕಿದ್ದರೆ ನೀರು ಹೋಗಿದೆ, ಬಿಟ್ಟುಬಿಡಿ. ಬಂದ ಮೇಲೆ ರಿಪೇರಿಯವರ ಟೈಮಿಂಗ್ ಮೆಷಿನ್ (ಟಿಕ್ ಸದ್ದು ಕೇಳಿ ವಾಚಿನ ನಡೆ ಅಳೆಯುವ ಯಂತ್ರ) ಮೇಲೆ ಇಡಿಸಿ. ಪೂರ್ತಿ ಕೀ ಕೊಟ್ಟು, ಮುಖ ಮೇಲಾಗಿ ಇಟ್ಟಾಗ ಬ್ಯಾಲೆನ್ಸ್ ಚಕ್ರದ (ಹಿಂದೆ ಮುಂದೆ ತೂಗುತ್ತಾ ವಾಚಿನ ವೇಗ ಕಾಯುವ ಚಕ್ರ) ತೂಗು 200 ಡಿಗ್ರಿಗಿಂತ ಕಡಿಮೆ ಬಂದರೆ ಬಹುಶಃ ಎಣ್ಣೆ ಒಣಗಿದೆ. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸದೆ ಕಟ್ಟಿದರೆ ಒಣ ಅಚ್ಚುಗಳು ತೇಯುತ್ತಾ ಹೋಗುತ್ತವೆ. ಸರ್ವಿಸ್ ಖರ್ಚು ಸೇರಿಸಿಯೇ ಬೆಲೆ ಲೆಕ್ಕ ಹಾಕಿ.

ಅಸಲಿ ಡಯಲ್ ಮಾಸಿದ್ದರೂ ಅದೇ ಇರಲಿ. ದಯವಿಟ್ಟು ಬಣ್ಣ ಹೊಡೆಸಬೇಡಿ. ಒಮ್ಮೆ ಕೆರೆದ ಮುದ್ರಣ ಮತ್ತೆ ಬರುವುದಿಲ್ಲ.

ಪ್ರಶ್ನೆ: ವಾಚಿನ ಹಿಂದೆ ‘ವಾಟರ್ ರೆಸಿಸ್ಟೆಂಟ್ 30 ಮೀಟರ್’ ಎಂದಿದೆ. ಆದರೂ ಈ ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕಟ್ಟಿತು. ಮೋಸ ಹೋದೆನೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಮೋಸ ಅಲ್ಲ, ಆ ಸಂಖ್ಯೆಯ ಅರ್ಥ ಬೇರೆ. 30 ಮೀಟರ್ ಎಂದರೆ ಹೊಸ ವಾಚು ಅಲುಗಾಡದೆ ಇರುವಾಗ 3 ಬಾರ್ ಒತ್ತಡ ತಡೆಯುತ್ತದೆ ಎಂದು. ಕೈ ತೊಳೆಯುವಾಗಿನ ಹನಿ, ಸಣ್ಣ ಮಳೆಗೆ ಸಾಕು. ಈಜಲು 100 ಮೀಟರ್ ಬೇಕು. ಮಲೆನಾಡಿನ ಮಳೆಯಲ್ಲಿ ದಿನವಿಡೀ ಹೊರಗೆ ಓಡಾಡುವವರಿಗೂ 100 ಮೀಟರ್, ಜೊತೆಗೆ ತಿರುಗಿಸಿ ಬಿಗಿಯುವ ಕೀ ಇರುವುದೇ ಒಳ್ಳೆಯದು. ಬಿಸಿನೀರು ಸ್ನಾನಕ್ಕೆ ಯಾವ ವಾಚೂ ಬೇಡ: ಹಬೆ ಮತ್ತು ಸೋಪು ರಬ್ಬರ್ ರಿಂಗನ್ನು ಗಟ್ಟಿಯಾಗಿಸುತ್ತವೆ, ಗಟ್ಟಿಯಾದ ರಿಂಗ್ ಅಂಟಿಕೊಳ್ಳುವುದಿಲ್ಲ.

ಈಗ ಮಾಡಬೇಕಾದದ್ದು: ಕೀ ಎಳೆಯಬೇಡಿ, ಬಿಸಿಲಿಗೂ ಹೇರ್ ಡ್ರೈಯರ್‌ಗೂ ಹಿಡಿಯಬೇಡಿ, ಅಕ್ಕಿ ಡಬ್ಬದಲ್ಲಿ ಹೂಳಬೇಡಿ. ಬಿಸಿ ಮಾಡಿದರೆ ತೇವ ಆವಿಯಾಗಿ ಯಂತ್ರದ ಮೂಲೆ ಮೂಲೆಗೆ ಹೋಗಿ ಕೂರುತ್ತದೆ. ಒಂದೆರಡು ದಿನದೊಳಗೆ ಅಂಗಡಿಗೆ ಒಯ್ದು ಬಿಚ್ಚಿಸಿ. ಸಮುದ್ರದ ನೀರಾದರೆ ಅಂದೇ ಒಯ್ಯಿರಿ. ರಿಂಗ್‌ಗಳನ್ನು ಬದಲಿಸಿ, ಸಿಲಿಕೋನ್ ಗ್ರೀಸ್ ಸವರಲು ಹೇಳಿ, ಆಮೇಲೆ ಒತ್ತಡ ಪರೀಕ್ಷೆ ಮಾಡಿಸಿ. ಆ ಯಂತ್ರ ಇಲ್ಲದ ಅಂಗಡಿಯಲ್ಲಿ ಸರಳ ಪರೀಕ್ಷೆಯೊಂದುಂಟು: 40–45 ಡಿಗ್ರಿ ಬಿಸಿಯ ತಟ್ಟೆಯ ಮೇಲೆ ವಾಚು ಬಿಸಿಯಾಗುವವರೆಗೆ ಇಟ್ಟು, ಗಾಜಿನ ಮೇಲೆ ತಣ್ಣೀರಿನ ಹನಿ ಬಿಡಬೇಕು. ಒಂದು ನಿಮಿಷದ ನಂತರ ಒರೆಸಿ ನೋಡಿದಾಗ ಒಳಗೆ ಮಂಜಿದ್ದರೆ ತೇವ ಇನ್ನೂ ಇದೆ. ಸೆಲ್ ಬದಲಿಸುವಾಗಲೆಲ್ಲ ರಿಂಗ್ ಬದಲಿಸುವುದನ್ನು ಮರೆಯಬೇಡಿ. ಅನೇಕ ವಾಚುಗಳಿಗೆ ನೀರು ಹೋಗುವುದು ಸೆಲ್ ಹಾಕಿಸಿ ಬಂದ ಮೇಲೆಯೇ.

ಪ್ರಶ್ನೆ: ಚರ್ಮದ ಬೆಲ್ಟ್ ಬೆವರಿಗೆ ನಾರುತ್ತದೆ. ನೈಲಾನ್ ನೇಟೊ ಬೆಲ್ಟ್ ಹಾಕುವುದು ಹೇಗೆ? (ಮಂಗಳೂರಿನ ಓದುಗರು)

ಉತ್ತರ: ಕರಾವಳಿಗೆ ಅದೇ ಸರಿ. ವಾಚಿನ ಬೆನ್ನ ಹಿಂದೆ ಹಾದುಹೋಗುವ ಈ ನೈಲಾನ್ ಬೆಲ್ಟಿನ ಮೂಲ 1973ರ ಬ್ರಿಟಿಷ್ ರಕ್ಷಣಾ ಇಲಾಖೆಯ ನಮೂನೆ: ಬೂದು ಬಣ್ಣ, 20 ಮಿ.ಮೀ. ಅಗಲ. ಕಿವಿಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಅಷ್ಟೇ ಅಗಲದ್ದನ್ನು ತನ್ನಿ. 1 ಮಿ.ಮೀ. ಹೆಚ್ಚಾದರೂ ಅಂಚು ಮಡಿಚಿಕೊಳ್ಳುತ್ತದೆ.

ಹಳೆ ಬೆಲ್ಟ್ ತೆಗೆದು, ಸ್ಪ್ರಿಂಗ್ ಪಿನ್‌ಗಳನ್ನು ಮಾತ್ರ ಮತ್ತೆ ಕಿವಿಗಳಿಗೆ ಸಿಕ್ಕಿಸಿ. ‘ಟಿಕ್’ ಎಂದು ಕೂರಬೇಕು. ಉಗುರಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ಬೆಲ್ಟಿನ ಉದ್ದನೆಯ ತುದಿಯನ್ನು 12ರ ಕಡೆಯ ಪಿನ್ನಿನಲ್ಲಿ ಮೇಲಿನಿಂದ ಒಳಕ್ಕೆ ತೂರಿಸಿ, ವಾಚಿನ ಬೆನ್ನ ಹಿಂದೆ ಎಳೆದು, 6ರ ಕಡೆಯ ಪಿನ್ನಿನಿಂದ ಹೊರಗೆ ತೆಗೆಯಿರಿ. ಕೊನೆಗೆ ಕೆಳಗಿನ ಗಿಡ್ಡ ಪಟ್ಟಿಯ ಲೋಹದ ಬಳೆಯೊಳಗೆ ಅದೇ ತುದಿಯನ್ನು ದಾಟಿಸಿ. ಒಂದು ಪಿನ್ ಕಳಚಿದರೂ ಇನ್ನೊಂದು ಪಿನ್ ವಾಚನ್ನು ಹಿಡಿದುಕೊಂಡಿರುತ್ತದೆ, ಇದೇ ಇದರ ದೊಡ್ಡ ಗುಣ. ವಾಚು ಎರಡು–ಎರಡೂವರೆ ಮಿ.ಮೀ. ಎತ್ತರ ಕೂರುತ್ತದೆ, ಆದ್ದರಿಂದ ಮೊದಲೇ ದಪ್ಪವಿರುವ ವಾಚಿಗೆ ಬೇಡ. ವಾರಕ್ಕೊಮ್ಮೆ ಸೋಪು ನೀರಲ್ಲಿ ಉಜ್ಜಿ ನೆರಳಲ್ಲಿ ಒಣಗಿಸಿ. ಕರಾವಳಿಯ ಉಪ್ಪು ಬೆವರಿಗೆ ಪಿನ್‌ಗಳೂ ತುಕ್ಕು ಹಿಡಿಯುತ್ತವೆ, ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ಕೀ ಕೊಡುವ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. (ಕಲಬುರಗಿಯ ಓದುಗರು)

ಉತ್ತರ: ಆಯಸ್ಕಾಂತ ಹಿಡಿದಿರುವ ಸಾಧ್ಯತೆ ಹೆಚ್ಚು. ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡವಾದಂತಾಗಿ ವೇಗ ಹೆಚ್ಚುತ್ತದೆ. ಮೊಬೈಲ್ ಸ್ಪೀಕರ್, ಬ್ಯಾಗಿನ ಮ್ಯಾಗ್ನೆಟ್ ಗುಂಡಿ, ಲ್ಯಾಪ್‌ಟಾಪ್ ಮುಚ್ಚಳ ಸಾಮಾನ್ಯ ಕಾರಣ. ದಿಕ್ಸೂಚಿಯ ಹತ್ತಿರ ವಾಚು ತನ್ನಿ. ಸೂಜಿ ಜೋರಾಗಿ ವಾಲಿದರೆ ಖಚಿತ. ರಿಪೇರಿ ಅಂಗಡಿಯ ಡಿಮ್ಯಾಗ್ನೆಟೈಸರ್‌ನಿಂದ (ಆಯಸ್ಕಾಂತ ಗುಣ ತೆಗೆಯುವ ಯಂತ್ರ) ಒಂದೇ ನಿಮಿಷದ ಕೆಲಸ: ಗುಂಡಿ ಒತ್ತಿ ಹಿಡಿದೇ ವಾಚನ್ನು ನಿಧಾನವಾಗಿ ಒಂದಡಿ ದೂರ ಎಳೆದು, ಆಮೇಲೆ ಗುಂಡಿ ಬಿಡಬೇಕು. ಹತ್ತಿರದಲ್ಲೇ ಬಿಟ್ಟರೆ ಮತ್ತೆ ಹಿಡಿಯುತ್ತದೆ.

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿದ್ದವರು. ಅವರ ವಾಚಿನ ಹೊಳಪು ಹೋಗಿದೆ. ಹೊಸದಾಗಿ ಬಳಿಸಿ ನಿತ್ಯ ಕಟ್ಟಬಹುದೇ? (ಮಡಿಕೇರಿಯ ಓದುಗರು)

ಉತ್ತರ: ಬೇಡ. ಆ ಕಾಲದ ಹೊಳಪು ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ಆರಿಹೋಗಿರುವುದು ಬೆಳಕು ಕೊಡುವ ಜಿಂಕ್ ಸಲ್ಫೈಡ್. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು, ಅಂದರೆ ವಿಕಿರಣ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಇದೆ. ಮುಚ್ಚಿದ ವಾಚಿಗಿಂತ ಬಿಚ್ಚಿದ ವಾಚೇ ಅಪಾಯ, ಏಕೆಂದರೆ ಉದುರುವ ಪುಡಿ ಉಸಿರಿನಲ್ಲಿ ಒಳಗೆ ಹೋಗುತ್ತದೆ. ಗಾಜು ಒಡೆದಿದ್ದರೆ ಬರಿಗೈಲಿ ಮುಟ್ಟದೆ ಜಿಪ್ ಚೀಲಕ್ಕೆ ಹಾಕಿ. ಡಬ್ಬದಲ್ಲಿಟ್ಟು, ಗಾಳಿಯಾಡುವ ಕೋಣೆಯಲ್ಲಿಡಿ. ಮಲಗುವ ಕೋಣೆಯಲ್ಲಿ ಬೇಡ, ಮಕ್ಕಳ ಕೈಗೂ ಬೇಡ. ರಿಪೇರಿಗೆ ಕೊಡುವುದೇ ಆದರೆ ರೇಡಿಯಂ ಇದೆ ಎಂದು ಬಾಯಿಬಿಟ್ಟು ಹೇಳಿ ಕೊಡಿ. ಇಂದಿನ ಹೆಚ್ಚಿನ ವಾಚುಗಳಲ್ಲಿ ಬಳಸುವ ಸ್ಟ್ರಾಂಷಿಯಂ ಅಲ್ಯುಮಿನೇಟ್ ಬಣ್ಣದಲ್ಲಿ ವಿಕಿರಣವಿಲ್ಲ, ಬಿದ್ದ ಬೆಳಕನ್ನು ಹೀರಿ ಹೊಳೆಯುತ್ತದೆ. ಅದೇ ನೋಟದ ಹೊಸ ವಾಚು ಕಟ್ಟಿಕೊಳ್ಳಿ, ತಾತನ ವಾಚು ಡಬ್ಬದಲ್ಲಿರಲಿ.