ರೇಟಿಂಗ್ ಬಂದ ವಾರದಲ್ಲಿ ರಾಜೀನಾಮೆ ಬೇಡ

ಆಪ್ತ ಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬರ ಕತೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು ಮೂವತ್ತೈದರ ಆಸುಪಾಸು. ದೊಡ್ಡ ಟೆಕ್ ಕಂಪನಿಯೊಂದರಲ್ಲಿ ಸೀನಿಯರ್ ಎಂಜಿನಿಯರ್, ಸೇರಿ ಆರು ವರ್ಷ. ಬಂದು ಕೂತವರೇ ಹೇಳಿದ್ದು: "ಮೇಡಂ, ನನಗೆ ಇಂಪೋಸ್ಟರ್ ಸಿಂಡ್ರೋಮ್ ಇದೆ. ರಾಜೀನಾಮೆ ಬರೆದಿಟ್ಟಿದ್ದೀನಿ, ಕಳಿಸೋದೊಂದೇ ಬಾಕಿ."

ತಮ್ಮ ಕಾಯಿಲೆಗೆ ತಾವೇ ಹೆಸರಿಟ್ಟುಕೊಂಡು ಬರುವವರು ಈಗ ಜಾಸ್ತಿ. ಸಾಧನೆ ಕಣ್ಣೆದುರೇ ಇದ್ದರೂ 'ನಾನು ಎಲ್ಲರಿಗೂ ಮೋಸ ಮಾಡ್ತಿದ್ದೀನಿ' ಎಂದು ಕೊರಗುವ ಹೆಂಗಸರ ಬಗ್ಗೆ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ಬರೆದಿದ್ದರು. ಅಂಥ ಕೊರಗು ಇರುವವರು ನನ್ನ ಬಳಿಗೂ ಬರುತ್ತಾರೆ. ಆದರೆ ಈಕೆಯ ಮಾತು ಕೇಳುತ್ತಾ ಹೋದ ಹಾಗೆ ನನಗೆ ಅನಿಸಿದ್ದು ಬೇರೆ. ತನ್ನ ಕೆಲಸವನ್ನು ಯಾರು, ಎಲ್ಲಿ ಕೂತು, ಏನು ನೋಡಿ ಅಳೆಯುತ್ತಾರೆ ಅಂತಲೇ ಗೊತ್ತಾಗದ ಜಾಗದಲ್ಲಿ ಧೈರ್ಯ ಕುಸಿದರೆ ಅದಕ್ಕೆ ಮನಸ್ಸಿನ ದೋಷ ಅಂತ ಯಾಕೆ ಹೆಸರಿಡಬೇಕು?

ಆಗಿದ್ದು ಇಷ್ಟು. ಒಂದೂವರೆ ವರ್ಷ ಕಟ್ಟಿದ ಪ್ರಾಜೆಕ್ಟ್, ತಂಡಗಳನ್ನು ಹೊಸದಾಗಿ ಹೊಂದಿಸುವ ರೀಆರ್ಗ್‌ನಲ್ಲಿ ಮೂಲೆಗೆ ಬಿತ್ತು. ಕೋಡ್ ಚೆನ್ನಾಗಿತ್ತು, ಯಾರೂ ಇಲ್ಲ ಅನ್ನಲಿಲ್ಲ, ಮೇಲಿನವರಿಗೆ ಬೇರೇನೋ ಮುಖ್ಯವಾಯಿತು ಅಷ್ಟೇ. ಇವರ ಕೆಲಸ ಹತ್ತಿರದಿಂದ ನೋಡಿದ್ದ ಮ್ಯಾನೇಜರ್ ಬೇರೆ ತಂಡಕ್ಕೆ ಹೋದರು, ಹೊಸಬರು ಬಂದ ಎರಡೇ ತಿಂಗಳಿಗೆ ರಿವ್ಯೂ, ಅಂದರೆ ಕೆಲಸಕ್ಕೆ ರೇಟಿಂಗ್ ಕೊಡುವ ಸಮಯ. ಹಿಂದಿನ ಸಲ 'ನಿರೀಕ್ಷೆಗಿಂತ ಹೆಚ್ಚು' ಅಂತಿದ್ದದ್ದು ಈ ಸಲ 'ನಿರೀಕ್ಷೆಯಷ್ಟು' ಆಯಿತು. ಹೊರಗಿನವರಿಗೆ ಇದರಲ್ಲಿ ಅಳುವಂಥದ್ದೇನೂ ಕಾಣುವುದಿಲ್ಲ. ಒಳಗಿದ್ದವರಿಗೆ ಗೊತ್ತು, ಬಡ್ತಿ ಮುಂದಕ್ಕೆ ಹೋಯಿತು ಅಂತ.

ಈ ರೇಟಿಂಗ್ ತೀರ್ಮಾನವಾಗುವುದು 'ಕ್ಯಾಲಿಬ್ರೇಶನ್'ನಲ್ಲಿ. ಹಾಗಂದರೇನು ಎಂದು ಅವರಿಂದಲೇ ಹೇಳಿಸಿದೆ. ಹಲವು ಮ್ಯಾನೇಜರ್‌ಗಳು ಒಟ್ಟಿಗೆ ಕೂತು ತಮ್ಮ ತಮ್ಮ ಜನರನ್ನು ಹೋಲಿಸಿ ರೇಟಿಂಗ್ ಗಟ್ಟಿ ಮಾಡುತ್ತಾರೆ. ಆ ಕೋಣೆಯಲ್ಲಿ ನಿಮ್ಮ ಕೆಲಸ ಇರುವುದಿಲ್ಲ, ಅದರ ಬಗ್ಗೆ ಒಬ್ಬರು ಆಡುವ ನಾಲ್ಕು ಮಾತು ಮಾತ್ರ ಇರುತ್ತೆ. ಒಂದು ಪಾಲು ಜನರನ್ನು ಕೆಳಗಿನ ಸಾಲಿಗೆ ಹಾಕಲೇಬೇಕು ಅನ್ನುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಆದರೆ ಹೋಲಿಕೆ ಎಲ್ಲಿ ಹೋಗುತ್ತೆ? "ನಿಮ್ಮ ಬಗ್ಗೆ ಮಾತಾಡಿದವರು ನಿಮ್ಮನ್ನು ಎಷ್ಟು ದಿನದಿಂದ ಬಲ್ಲವರು?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು.

ಇನ್ನೊಂದು ಗಾಯವೂ ಇತ್ತು. ಪಕ್ಕದ ತಂಡದ ಕೆಲವರು ಒಂದು ಬೆಳಗ್ಗೆ ಲಾಗಿನ್ ಆಗಲು ಹೋದರೆ ಆಗಲಿಲ್ಲ. ಕೆಲಸ ಹೋದ ಸುದ್ದಿ ಅವರ ಸ್ವಂತ ಇಮೇಲ್‌ಗೆ ಬಂದಿತ್ತು. "ಅವರು ನನಗಿಂತ ಚೆನ್ನಾಗಿ ಕೆಲಸ ಮಾಡ್ತಿದ್ರು. ನಾನ್ಯಾಕೆ ಉಳಿದೆ?" ಉಳಿದವರಲ್ಲಿ ಇಂಥ ಅಪರಾಧಿ ಭಾವ ತುಂಬಾ ಸಾಮಾನ್ಯ, ಆದರೆ ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು, ಕೆಲಸ ಇರುವವರ ದೂರು ಯಾರು ಕೇಳುತ್ತಾರೆ? 2022ರ ನವೆಂಬರ್‌ನಲ್ಲಿ ಮೆಟಾ 11,000ಕ್ಕಿಂತ ಹೆಚ್ಚು ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000, ಮೈಕ್ರೋಸಾಫ್ಟ್ 10,000 ಹುದ್ದೆ ಕಡಿತ ಘೋಷಿಸಿದವು. ಕೋವಿಡ್ ಕಾಲದ ಬೆಳವಣಿಗೆ ನಿಲ್ಲುವುದಿಲ್ಲ ಅಂದುಕೊಂಡಿದ್ದು ತನ್ನ ತಪ್ಪು ಎಂದು ಮೆಟಾದ ಝುಕರ್‌ಬರ್ಗ್ ಬರೆದರು. ಜನರನ್ನು ತೆಗೆದುಕೊಂಡಾಗಿನ ಆರ್ಥಿಕ ಸ್ಥಿತಿ ಬೇರೆ, ಈಗಿನದು ಬೇರೆ ಎಂದು ಗೂಗಲ್‌ನ ಪಿಚೈ ಬರೆದರು. ಲೆಕ್ಕ ತಪ್ಪಿದ್ದು ಮೇಲೆ. ಹಾಗಿರುವಾಗ ಹೋದವರು ದಡ್ಡರೂ ಅಲ್ಲ, ಉಳಿದವರು ಯಾರದೋ ಜಾಗ ಕದ್ದವರೂ ಅಲ್ಲ ಅಲ್ವಾ?

ಈಗ ದೇಹದ ವಿಷಯ. ಆನ್‌ಕಾಲ್ (ತೊಂದರೆಯಾದರೆ ಯಾವ ಹೊತ್ತಿನಲ್ಲೂ ಎದ್ದು ನೋಡಬೇಕಾದ ಪಾಳಿ) ಇಲ್ಲದ ರಾತ್ರಿಯೂ, ಅಂಥ ಹೊತ್ತಲ್ಲಿ ಕೂಗಿ ಎಬ್ಬಿಸುವ ಪೇಜರ್ ಆ್ಯಪ್ ಬಾರಿಸಿದ ಹಾಗಾಗಿ ಎಚ್ಚರ, ಎದೆಬಡಿತ, ಬೆಳಗ್ಗೆ ಲ್ಯಾಪ್‌ಟಾಪ್ ತೆರೆಯಲು ಭಯ. ಬರ್ನ್‌ಔಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲಕ್ಷಣ ಮೂರು: ಪೂರ್ತಿ ಬಸವಳಿಯುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಲಾಗುತ್ತಿಲ್ಲ ಅನ್ನಿಸುವುದು. ಸಂಸ್ಥೆ ಇದನ್ನು ಕಾಯಿಲೆಗಳ ಜೊತೆ ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅನ್ನುತ್ತೆ. ಮೂರೂ ಇವರಲ್ಲಿದ್ದವು. ಖಿನ್ನತೆಯೂ ಇದೆಯಾ ಎಂದು ನೋಡಲು ಕಳೆದ 2 ವಾರಗಳ ಬಗ್ಗೆ ಕೇಳುವ 9 ಪ್ರಶ್ನೆಗಳ ಪಟ್ಟಿ ಬಳಸಿದೆ. ಅಂಕ ಕಡಿಮೆಯೇ ಬಂತು, ಸಾಯುವ ಯೋಚನೆ ಇಲ್ಲ ಅಂದರು, ರಜೆಯಲ್ಲಿ ಮನಸ್ಸು ಹಗುರವಾಗುತ್ತದೆ ಅಂದರು. ಎದೆಬಡಿತಕ್ಕೆ ಮಾತ್ರ ಡಾಕ್ಟರ ಹತ್ತಿರ ಕಳಿಸಿದೆ. ಎಲ್ಲವನ್ನೂ ಒತ್ತಡದ ಮೇಲೆ ಹಾಕಿ ಥೈರಾಯ್ಡ್ ನೋಡದೇ ಇರುವುದು ನನಗೆ ಒಪ್ಪಿಗೆಯಿಲ್ಲ.

ಸಲಹೆ ಶುರುವಾಗಿದ್ದು ರಾಜೀನಾಮೆಯಿಂದ. ಬಿಡಬೇಡಿ ಅನ್ನಲಿಲ್ಲ. ರೇಟಿಂಗ್ ಬಂದ ವಾರದಲ್ಲಿ, ನಿದ್ದೆ ಕೆಟ್ಟಿರುವಾಗ ಬೇಡ ಅಂದೆ, ಆಗ ತೀರ್ಮಾನ ಮಾಡುವುದು ನೀವಲ್ಲ, ನಿಮ್ಮ ದಣಿವು. ಆನ್‌ಕಾಲ್ ಇಲ್ಲದ ವಾರ ಆ ಆ್ಯಪ್‌ನ ಸದ್ದು ಪೂರ್ತಿ ಬಂದ್. ಇರುವ ವಾರ ರಾತ್ರಿ ಬಂದ ಪ್ರತಿ ಅಲರ್ಟ್ ಬರೆದಿಡಬೇಕು, ಎದ್ದು ಏನಾದರೂ ಮಾಡಲೇಬೇಕಾಗಿತ್ತಾ ಅಥವಾ ಸುಮ್ನೆ ಎಬ್ಬಿಸಿತಾ ಎಂಬುದನ್ನೂ. 12 ಗಂಟೆಯ ಪಾಳಿಯಲ್ಲಿ 2ಕ್ಕಿಂತ ಹೆಚ್ಚು ಘಟನೆ ಬರಬಾರದು ಎಂದು ಗೂಗಲ್‌ನ ಎಂಜಿನಿಯರ್‌ಗಳೇ ಬರೆದಿದ್ದಾರೆ. 'ನನಗೆ ಸುಸ್ತು' ಅಂದರೆ ಮ್ಯಾನೇಜರ್ ಪಾಪ ಅಂತಾರೆ, ಪಟ್ಟಿ ಮುಂದಿಟ್ಟರೆ ಏನಾದರೂ ಮಾಡಬೇಕಾಗುತ್ತೆ.

ಹೊಸ ಮ್ಯಾನೇಜರ್‌ಗೆ ಒಂದು ಪ್ರಶ್ನೆ ಕೇಳಲು ಹೇಳಿದೆ: "ಮುಂದಿನ ಕ್ಯಾಲಿಬ್ರೇಶನ್‌ನಲ್ಲಿ ನನ್ನ ಬಗ್ಗೆ ಏನು ಹೇಳ್ತೀರಿ, ಈಗಲೇ ಎರಡು ವಾಕ್ಯದಲ್ಲಿ ಹೇಳಿ." ತಡವರಿಸಿದರೆ ಅದೂ ಉತ್ತರವೇ. ಪ್ರತಿ ಶುಕ್ರವಾರ ಅರ್ಧ ಗಂಟೆ ಕೂತು ವಾರದ ಕೆಲಸ ಬರೆಯುವುದು, ಏನು ಮಾಡಿದೆ, ಯಾರಿಗೆ ಉಪಯೋಗವಾಯಿತು ಅಂತ. ಕಂಪನಿಯ ಗುಟ್ಟು ಒಂದೂ ಇಲ್ಲದ, ತಾವು ಕಲಿತದ್ದನ್ನು ಮಾತ್ರ ಬರೆದ ಇನ್ನೊಂದು ನಕಲು ಮನೆಯಲ್ಲಿರುವ ಪುಸ್ತಕದಲ್ಲೂ ಇರಲಿ, ಯಾಕೆಂದರೆ ಲಾಗಿನ್ ಹೋದ ದಿನ ಎಲ್ಲವೂ ಅದರ ಜೊತೆಗೇ ಹೋಗುತ್ತೆ.

ಕೊನೆಗೆ, ಸಂಬಳದ ಜೊತೆ ಕಂಪನಿ ಕೊಡುವ ಷೇರು. ಸಾಮಾನ್ಯವಾಗಿ 4 ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುತ್ತವೆ (ಇದಕ್ಕೇ ವೆಸ್ಟಿಂಗ್ ಅನ್ನುವುದು), ಅದರ ಮೇಲೆ ವರ್ಷಕ್ಕೊಮ್ಮೆ ಹೊಸದನ್ನು ಸೇರಿಸುತ್ತಾರೆ, ಹಾಗಾಗಿ 'ಇದೊಂದು ವೆಸ್ಟಿಂಗ್ ಮುಗೀಲಿ' ಅನ್ನುವುದಕ್ಕೆ ಕೊನೆಯೇ ಇಲ್ಲ. ಇದನ್ನು ದುರಾಸೆ ಅನ್ನುವವರು ಇದ್ದಾರೆ, ನಾನು ಅನ್ನುವುದಿಲ್ಲ, ಮನೆ ಸಾಲ ತೀರುವುದು ಅದರಿಂದಲೇ. ಅವರಿಗೆ ಕೇಳಿದ್ದು ಇಷ್ಟೇ: ಅಷ್ಟೇ ಹಣ ನಗದಾಗಿ ಕೊಟ್ಟು, ಈಗಿರುವ ಸ್ಥಿತಿಯಲ್ಲೇ ಇರಿ ಅಂದರೆ ಎಷ್ಟು ದಿನ ಇರ್ತೀರಿ? "ಆರು ತಿಂಗಳು ಇರ್ತೀನಿ. ಎರಡು ವರ್ಷ ಆಗಲ್ಲ" ಅಂದರು, ಯೋಚನೆಯೇ ಮಾಡದೆ.

ಈಗಲೂ ಅಲ್ಲೇ ಇದ್ದಾರೆ. ಅಲರ್ಟ್ ಪಟ್ಟಿ ತೋರಿಸಿದ ಮೇಲೆ ಕೆಲಸಕ್ಕೆ ಬಾರದ ಅಲರ್ಟ್‌ಗಳನ್ನು ತೆಗೆದರು, ಪಾಳಿಗೆ ಇನ್ನಿಬ್ಬರನ್ನು ಸೇರಿಸಿದರು. ನಿದ್ದೆ ಮುಕ್ಕಾಲು ಪಾಲು ಸರಿಯಾಗಿದೆ. ಮ್ಯಾನೇಜರ್‌ಗೆ ಎರಡನೇ ವಾಕ್ಯ ಸಿಗಲಿಲ್ಲವಂತೆ, ಈಗ ಇಬ್ಬರೂ ಕೂತು ಅದನ್ನು ಬರೆಯುತ್ತಿದ್ದಾರೆ. ಒಳಗೇ ಬೇರೆ ತಂಡವೊಂದರ ಜೊತೆ ಮಾತೂ ನಡೆದಿದೆ. ರಾಜೀನಾಮೆ ಪತ್ರ ಅಳಿಸಿಲ್ಲ, ಅಳಿಸಿ ಎಂದು ನಾನೂ ಹೇಳಿಲ್ಲ.