ಏಂಜಲ್ಸ್ ಮರ್ಸಿ 7 ಲೈಫ್ ಕೊಡುತ್ತೆ, ಆದರೂ ಅದು ವೀಕ್ ಕಾರ್ಡ್ ಯಾಕೆ?

ನೀವು ಕೇಳಿದ್ದು ಇಷ್ಟು: ಮ್ಯಾಜಿಕ್: ದಿ ಗ್ಯಾದರಿಂಗ್ ಆಟದಲ್ಲಿ ಏಂಜಲ್ಸ್ ಮರ್ಸಿ ಅನ್ನೋ ಬಿಳಿ ಕಾರ್ಡ್ ನಾಲ್ಕು ಮಾನಾಗೆ (ಕಾರ್ಡ್ ಆಡೋಕೆ ಖರ್ಚು ಮಾಡುವ ಶಕ್ತಿ) 7 ಲೈಫ್ ಕೊಡುತ್ತದೆ. ಆಟ ಶುರುವಾಗುವುದೇ 20 ಲೈಫ್‌ನಿಂದ, ಸೊನ್ನೆಯಾದರೆ ಸೋಲು. ಒಂದೇ ಕಾರ್ಡಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಿಗುವಾಗ ಹಳೇ ಆಟಗಾರರು ಯಾಕೆ ಮೂಗು ಮುರಿಯುತ್ತಾರೆ? ಟೂರ್ನಮೆಂಟ್ ಡೆಕ್‌ಗೆ ನಾಲ್ಕು ಹಾಕಬಹುದಾ?

ಹಾಕಬೇಡಿ. ಆದರೆ ಸುಮ್ನೆ "ವೀಕ್ ಕಾರ್ಡ್" ಅಂದುಬಿಟ್ಟರೆ, ಮುಂದಿನ ಪ್ಯಾಕ್‌ನಲ್ಲಿ ಬೇರೆ ಕಾರ್ಡ್ ಬಂದಾಗ ನೀವು ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ನಾನು ಯಾವ ಕಾರ್ಡ್ ನೋಡಿದರೂ ಮೊದಲು ಯೋಚಿಸುವುದು, ಇದನ್ನು ಆಡಿದ ಮೇಲೆ ಟೇಬಲ್ ಮೇಲೆ ಏನು ಬದಲಾಯಿತು ಅಂತ. ನಿಮಗೆ 8 ಲೈಫ್ ಇದೆ ಅಂದುಕೊಳ್ಳಿ. ಎದುರಾಳಿಯ ಹತ್ತಿರ ಎರಡು 3/3 ಕ್ರೀಚರ್ (ಹೊಡೆಯುವ ಬಲ 3, ಪೆಟ್ಟು ತಾಳುವ ಶಕ್ತಿ 3 ಇರುವ ಜೀವಿಗಳು) ಇವೆ. ನಿಮ್ಮ ಕಡೆ ಬರೀ ಲ್ಯಾಂಡ್, ಅಂದರೆ ಮಾನಾ ಕೊಡುವ ಕಾರ್ಡ್. ನೀವು ಮರ್ಸಿ ಆಡಿದಿರಿ, 15 ಆಯಿತು. ಮುಂದಿನ ಅಟ್ಯಾಕ್‌ಗೆ 9. ಅದರ ಮುಂದಿನದಕ್ಕೆ 3. ಅಂದರೆ ಒಂದು ಕಾರ್ಡ್, ಒಂದು ಇಡೀ ಟರ್ನಿನ ಮಾನಾ ಕೊಟ್ಟು ನೀವು ಕೊಂಡಿದ್ದು ಒಂದು ಅಟ್ಯಾಕ್‌ನಿಂದ ಬಿಡುವು, ಮೇಲೆ ಒಂದು ಲೈಫ್. ಆ ಎರಡು ಕ್ರೀಚರ್ ಇನ್ನೂ ಅಲ್ಲೇ ನಿಂತಿವೆ.

ಈಗ ಮರ್ಸಿ ಜಾಗದಲ್ಲಿ ರಾತ್ ಆಫ್ ಗಾಡ್ ಇಡಿ. ಅದಕ್ಕೂ ಅಷ್ಟೇ ಬೆಲೆ: ನಾಲ್ಕು ಮಾನಾ, ಅದರಲ್ಲಿ ಎರಡು ಬಿಳಿ. ಎಲ್ಲಾ ಕ್ರೀಚರ್‌ಗಳೂ ಸತ್ತುಹೋಗುತ್ತವೆ. ನಿಮ್ಮ ಲೈಫ್ 8ರಲ್ಲೇ ಉಳಿಯಿತು ನಿಜ, ಆದರೆ ಹೊಡೆಯೋಕೆ ಯಾರೂ ಇಲ್ಲ. ನಿಮ್ಮ ಒಂದು ಕಾರ್ಡಿಗೆ ಎದುರಾಳಿಯ ಎರಡು ಕಾರ್ಡ್ ಹೋಯಿತು. ಮರ್ಸಿ ಮಾಡುವುದು ಕ್ರಿಕೆಟ್‌ನಲ್ಲಿ ಚೇಸ್ ಮಾಡುವಾಗ ಬಾಲ್ ತಡೆದು ಓವರ್ ಕಳೆಯುವ ಕೆಲಸ. ಔಟಾಗಲಿಲ್ಲ, ಆದರೆ ಬೇಕಾದ ರನ್ ರೇಟ್ ಏರುತ್ತಲೇ ಇದೆ.

"ಬರ್ನ್ ಡೆಕ್ ಎದುರು ಚೆನ್ನಾಗಿರುತ್ತೆ ಅಲ್ವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಬರ್ನ್ ಡೆಕ್ ಗೆಲ್ಲುವುದೇ ನೇರವಾಗಿ ನಿಮ್ಮ ಲೈಫಿಗೆ ಡ್ಯಾಮೇಜ್ ಕೊಟ್ಟು. ಲೈಟ್ನಿಂಗ್ ಬೋಲ್ಟ್ ಒಂದು ಮಾನಾಗೆ 3 ಡ್ಯಾಮೇಜ್. ಕಾರ್ಡ್ ಲೆಕ್ಕದಲ್ಲಿ ಮರ್ಸಿ ಎರಡಕ್ಕಿಂತ ಜಾಸ್ತಿ ಬೋಲ್ಟ್ ಅಳಿಸಿಹಾಕುತ್ತದೆ, ಕೆಟ್ಟ ವ್ಯಾಪಾರವಲ್ಲ. ತೊಂದರೆ ಮಾನಾದಲ್ಲಿದೆ. ಬರ್ನ್ ಎದುರು ನಾಲ್ಕನೇ ಟರ್ನ್ ತನಕ ಕೈಯಲ್ಲಿ ಹಿಡಿದು ಕೂರುವ ಕಾರ್ಡ್ ತಡವಾದ ಕಾರ್ಡ್. ಮೇಲಾಗಿ ಆ ಡೆಕ್‌ಗಳಲ್ಲಿ ಸ್ಕಲ್‌ಕ್ರ್ಯಾಕ್ ಇರುತ್ತದೆ. ನೀವು ಮರ್ಸಿ ಆಡಿದ್ದಕ್ಕೆ ಉತ್ತರವಾಗಿ ಅವರು ಎರಡು ಮಾನಾ ಕೊಟ್ಟು ಅದನ್ನು ಆಡಿದರೆ ನಿಮಗೆ ಒಂದು ಲೈಫೂ ಬರಲ್ಲ, ಜೊತೆಗೆ 3 ಡ್ಯಾಮೇಜ್ ಬೇರೆ. ಇನ್ನು ಕೆಲವು ಕಾರ್ಡ್ ಜೋಡಿಸಿ ಒಮ್ಮೆಗೇ ಗೆಲ್ಲುವ ಕಾಂಬೋ ಡೆಕ್ ಎದುರು, ಎದುರಾಳಿಯ ಆಟ ತಡೆಯುತ್ತಾ ಕೂರುವ ನಿಧಾನದ ಕಂಟ್ರೋಲ್ ಡೆಕ್ ಎದುರು ಮರ್ಸಿ ಹೆಚ್ಚುಕಡಿಮೆ ಖಾಲಿ ಕಾಗದ.

ಲೈಫಿಗೆ ಈ ಆಟದಲ್ಲಿ ಎಷ್ಟು ಬೆಲೆ ಅನ್ನೋದು 1993ರ ಮೊದಲ ಸೆಟ್‌ನಲ್ಲೇ ಗೊತ್ತಾಗುತ್ತದೆ. ಅದರಲ್ಲಿ ಐದು ಬಣ್ಣಕ್ಕೆ ಐದು ಕಾರ್ಡ್ ಇದ್ದವು. ಎಲ್ಲದಕ್ಕೂ ಒಂದೇ ಮಾನಾ, ಎಲ್ಲವೂ "ಮೂರು" ಏನಾದರೂ ಕೊಡುತ್ತಿದ್ದವು. ಆನ್ಸೆಸ್ಟ್ರಲ್ ರೀಕಾಲ್ ಮೂರು ಕಾರ್ಡ್, ಡಾರ್ಕ್ ರಿಚುವಲ್ ಮೂರು ಮಾನಾ, ಬೋಲ್ಟ್ ಮೂರು ಡ್ಯಾಮೇಜ್, ಜೈಂಟ್ ಗ್ರೋತ್ +3/+3, ಹೀಲಿಂಗ್ ಸ್ಯಾಲ್ವ್ ಮೂರು ಲೈಫ್. ಮೊದಲನೆಯದನ್ನು ವಿಂಟೇಜ್‌ನಲ್ಲಿ (ಹೆಚ್ಚುಕಡಿಮೆ ಎಲ್ಲಾ ಹಳೇ ಕಾರ್ಡ್‌ಗಳನ್ನೂ ಆಡಬಹುದಾದ ಫಾರ್ಮ್ಯಾಟ್, ಅಂದರೆ ಆಟದ ವಿಧ) ಒಂದೇ ಪ್ರತಿಗೆ ಮಿತಿಗೊಳಿಸಿದ್ದಾರೆ. ಕೊನೆಯದನ್ನು ಫ್ರೀಯಾಗಿ ಕೊಟ್ಟರೂ ಯಾರೂ ಡೆಕ್‌ಗೆ ಹಾಕಲ್ಲ.

ಹಾಗಂತ ಲೈಫ್ ಕೊಡುವ ಕಾರ್ಡೆಲ್ಲಾ ದಂಡ ಅಲ್ಲ. ಟೈಮ್ಲಿ ರೀಇನ್‌ಫೋರ್ಸ್‌ಮೆಂಟ್ಸ್ ನೋಡಿ. ಮೂರು ಮಾನಾ. ನಿಮ್ಮ ಲೈಫ್ ಎದುರಾಳಿಗಿಂತ ಕಡಿಮೆ ಇದ್ದರೆ 6 ಲೈಫ್. ನಿಮ್ಮ ಕ್ರೀಚರ್‌ಗಳು ಕಡಿಮೆ ಇದ್ದರೆ ಮೂರು 1/1 ಸೈನಿಕರು. ಇದು ಮಾಡರ್ನ್ ಅನ್ನೋ ಫಾರ್ಮ್ಯಾಟ್‌ನ ಸೈಡ್‌ಬೋರ್ಡ್‌ಗಳಲ್ಲಿ (ಎರಡು ಆಟಗಳ ನಡುವೆ ಡೆಕ್‌ಗೆ ಬದಲಿಸಿಕೊಳ್ಳುವ ಕಾರ್ಡ್‌ಗಳು) ಚೆನ್ನಾಗಿಯೇ ಓಡಿದೆ. ಮರ್ಸಿಗಿಂತ ಒಂದು ಲೈಫ್ ಕಡಿಮೆ, ಆದರೆ ಒಂದು ಮಾನಾ ಅಗ್ಗ, ಮತ್ತು ಅಟ್ಯಾಕ್ ತಡೆಯೋಕೆ ಮೂರು ಜನ ಟೇಬಲ್ ಮೇಲೆ ನಿಲ್ಲುತ್ತಾರೆ. ನಿಮ್ಮ ಡೆಕ್‌ಗೆ ಬೇಕಿರುವುದು ಇಂಥದ್ದು.

ನಿಮ್ಮ ಇನ್ನೊಂದು ವಾದ, ಅಜಾನೀಸ್ ಪ್ರೈಡ್‌ಮೇಟ್ ಅನ್ನೋ ಕ್ರೀಚರ್ ಜೊತೆ ಮರ್ಸಿ ಬಲವಾಗುತ್ತದೆ ಅನ್ನೋದು. ಕಾರ್ಡ್ ಇನ್ನೊಂದು ಸಲ ಓದಿ. ಲೈಫ್ ಬಂದಾಗಲೆಲ್ಲಾ ಪ್ರೈಡ್‌ಮೇಟ್ ಮೇಲೆ ಒಂದು +1/+1 ಕೌಂಟರ್. 7 ಒಟ್ಟಿಗೆ ಬಂದರೂ ಒಂದೇ, 1 ಬಂದರೂ ಒಂದೇ. ಅದಕ್ಕೆ ಒಂದು ಮಾನಾದ ಸೋಲ್ ವಾರ್ಡನ್ ಎಷ್ಟೋ ಮೇಲು. ಪ್ರತಿ ಹೊಸ ಕ್ರೀಚರ್ ಬಂದಾಗಲೂ ಒಂದೊಂದು ಲೈಫ್, ವಾರ್ಡನ್ ಸಾಯುವ ತನಕ.

"ಇವೆರಡೂ ಒಟ್ಟಿಗೆ ಸಿಕ್ಕರೆ" ಅನ್ನೋ ಮಾತು ಬಂದಾಗಲೆಲ್ಲಾ ನಾನು ಲೆಕ್ಕ ಹಾಕುತ್ತೇನೆ. 60 ಕಾರ್ಡಿನ ಡೆಕ್, ಎರಡೂ ಕಾರ್ಡ್ ನಾಲ್ಕು ನಾಲ್ಕು. ನೀವು ಮೊದಲು ಆಡಿದರೆ ನಾಲ್ಕನೇ ಟರ್ನ್‌ಗೆ ನೋಡಿರುವುದು 10 ಕಾರ್ಡ್. ಅಷ್ಟರಲ್ಲಿ ಎರಡೂ ಕೈಗೆ ಬಂದಿರುವ ಸಾಧ್ಯತೆ ಸುಮಾರು ಶೇ. 26. ಉಳಿದ ಮುಕ್ಕಾಲು ಭಾಗ ಆಟಗಳಲ್ಲಿ ಒಂದಿಲ್ಲದೆ ಇನ್ನೊಂದು ಏನು ಮಾಡುತ್ತೆ ಅನ್ನೋದರ ಮೇಲೆ ಕಾರ್ಡ್ ತೂಗಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. 2010ರಲ್ಲಿ ಡೆತ್ಸ್ ಶ್ಯಾಡೋ ಅಂತ ಒಂದು ಕಾರ್ಡ್ ಬಂತು. ಒಂದು ಮಾನಾಗೆ 13/13. ಆದರೆ ನಿಮ್ಮ ಲೈಫ್ ಎಷ್ಟಿದೆಯೋ ಅಷ್ಟು ಅದರ ಎರಡೂ ಅಂಕೆ ಇಳಿಯುತ್ತವೆ. 20 ಲೈಫ್ ಇದ್ದಾಗ ಆಡಿದರೆ ಅಲ್ಲೇ ಸಾಯುತ್ತದೆ. ನೋಡಿದ ತಕ್ಷಣ ತಮಾಷೆ ಕಾರ್ಡ್ ಅನ್ನಿಸುತ್ತದೆ. ಆದರೆ ಮಾಡರ್ನ್‌ನಲ್ಲಿ ಜನ ಆಗಲೇ ತಮ್ಮ ಲೈಫ್ ತಾವೇ ಖರ್ಚು ಮಾಡುತ್ತಿದ್ದರು: ಬೇರೆ ಲ್ಯಾಂಡ್ ಹುಡುಕಿ ತರುವ ಫೆಚ್ ಲ್ಯಾಂಡ್‌ಗೆ 1, ಎರಡು ಬಣ್ಣದ ಶಾಕ್ ಲ್ಯಾಂಡ್‌ಗೆ 2, ಎದುರಾಳಿಯ ಕೈಯಿಂದ ಕಾರ್ಡ್ ಬಿಸಾಡಿಸುವ ಥಾಟ್‌ಸೀಜ್‌ಗೆ 2. ಅವೆಲ್ಲ ತಮ್ಮಷ್ಟಕ್ಕೆ ತಾವೇ ಒಳ್ಳೆಯ ಕಾರ್ಡ್‌ಗಳು. ಅವನ್ನು ಆಡುತ್ತಾ ಹೋದರೆ ಶ್ಯಾಡೋ ತಾನಾಗಿ ದೊಡ್ಡದಾಗುತ್ತದೆ. 2017ರ ಹೊತ್ತಿಗೆ ಅದು ಆ ಫಾರ್ಮ್ಯಾಟ್‌ನ ಮುಂಚೂಣಿ ಡೆಕ್‌ಗಳಲ್ಲಿ ಒಂದಾಗಿತ್ತು. ಮರ್ಸಿಗೆ ಅಂಥ ಮನೆ ಎಲ್ಲೂ ಇಲ್ಲ. ಅದನ್ನು ಬಲಪಡಿಸೋಕೆ ಬೇರೆ ವೀಕ್ ಕಾರ್ಡ್‌ಗಳನ್ನೇ ತಂದು ತುಂಬಬೇಕಾಗುತ್ತದೆ.

ಇಷ್ಟು ಹೇಳಿದರೂ ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ನಾಲ್ಕು ಮರ್ಸಿ ಹಾಕಿ ಗೆಳೆಯರ ಜೊತೆ ಆಡಿ. ಕೈಗೆ ಬಂದಾಗಲೆಲ್ಲಾ ಒಂದು ಚೀಟಿಯಲ್ಲಿ ಬರೆಯಿರಿ: ಈ ಕ್ಷಣ ಇದರ ಬದಲು ರಾತ್ ಬೇಕಿತ್ತಾ, ರೀಇನ್‌ಫೋರ್ಸ್‌ಮೆಂಟ್ಸ್ ಬೇಕಿತ್ತಾ, ಅಥವಾ ಮರ್ಸಿಯೇ ಸರಿಯಿತ್ತಾ? ಗೆದ್ದ ಆಟಗಳನ್ನು ಜಾಸ್ತಿ ನಂಬಬೇಡಿ, ಆಗಲೇ ಮುಂದಿದ್ದಾಗ ಯಾವ ಕಾರ್ಡೂ ಚೆನ್ನಾಗೇ ಕಾಣುತ್ತದೆ. ಸೋತ ಆಟಗಳ ಚೀಟಿ ಮಾತ್ರ ಎತ್ತಿಟ್ಟುಕೊಳ್ಳಿ. ಒಂದೇ ಥರದ ಡೆಕ್ ಎದುರು ಆಡಬೇಡಿ, ಕನಿಷ್ಠ ಒಂದು ಬರ್ನ್, ಒಂದು ಕಂಟ್ರೋಲ್, ಒಂದು ಕ್ರೀಚರ್ ಡೆಕ್ ಇರಲಿ. ಚೀಟಿಯಲ್ಲಿ "ಮರ್ಸಿಯೇ ಸರಿ" ಅನ್ನೋದು ಜಾಸ್ತಿ ಬಂದರೆ ಇಲ್ಲೇ ಬಂದು ಹೇಳಿ, ನಿಮ್ಮ ಡೆಕ್ ಲಿಸ್ಟ್ ನನಗೂ ನೋಡಬೇಕು.